ದೇವರ ಮುಂದೆ ಬರುವ ಮಾತು ಮನುಷ್ಯರ ಮುಂದೆಯೂ ಬರಬೇಕಾದರೆ

ದೇವರ ಹತ್ತಿರ ಗಂಟೆಗಟ್ಟಲೆ ಮಾತಾಡುವ ಎಷ್ಟೋ ಜನ ಮನುಷ್ಯರ ಮುಂದೆ ಬಾಯಿ ಬಿಡುವುದಿಲ್ಲ. ನಾನೂ ಅಂಥವಳೇ ಆಗಿದ್ದೆ. ಕೆಲಸದ ಜಾಗದಲ್ಲಿ ನನಗಿಂತ ಹಿರಿಯರೊಬ್ಬರು ತಮ್ಮ ಪಾಲಿನ ಕೆಲಸವನ್ನೂ ನನ್ನ ಮೇಜಿನ ಮೇಲೆ ತಂದಿಡುತ್ತಿದ್ದರು. ಸಂಜೆ ಎಲ್ಲರೂ ಹೊರಟ ಮೇಲೂ ನಾನು ಕೂತಿರುತ್ತಿದ್ದೆ. ಕೆಲಸ ಮುಗಿದ ಮೇಲೆ ಹೆಸರು ಮಾತ್ರ ಅವರದು. ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷವೂ ರಾತ್ರಿ ಮಲಗುವ ಮುಂಚೆ ನನ್ನದು ಒಂದೇ ಪ್ರಾರ್ಥನೆ: 'ದೇವರೇ, ಅವರಿಗೆ ಒಳ್ಳೆ ಬುದ್ಧಿ ಕೊಡು.'

ಅವರಿಗೆ ಬುದ್ಧಿ ಬರಲಿಲ್ಲ. ಯಾಕಾದರೂ ಬರಬೇಕು? ಅವರಿಗೆ ತೊಂದರೆಯೇ ಇರಲಿಲ್ಲವಲ್ಲ. ಒಂದು ರಾತ್ರಿ ಅದೇ ಸಾಲು ಹೇಳುತ್ತಿರುವಾಗ ನನಗೇ ನಗು ಬಂತು. ಅವರಿಗೆ ಬುದ್ಧಿ ಬೇಕೋ ಬೇಡವೋ, ನನಗಂತೂ ಬಾಯಿ ಬೇಕಿತ್ತು. ಅವತ್ತಿನಿಂದ ಪ್ರಾರ್ಥನೆ ಬದಲಾಯಿಸಿದೆ. 'ದೇವರೇ, ನನಗೆ ಬಾಯಿ ಕೊಡು.'

ಈ ಬರಹ ಆ ಎರಡನೇ ಪ್ರಾರ್ಥನೆಯ ಬಗ್ಗೆ. ನೀವು ಯಾವ ದೇವರನ್ನು ನಂಬುತ್ತೀರಿ, ಯಾವ ಹೆಸರಿನಿಂದ ಕರೆಯುತ್ತೀರಿ ಅನ್ನುವುದು ಇಲ್ಲಿ ದೊಡ್ಡದಲ್ಲ. ನಂಬಿಕೆ ಇದ್ದರೆ ಭಯ ಪೂರ್ತಿ ಹೋಗಿಬಿಡುತ್ತದೆ ಅಂತ ನಾನು ಹೇಳಲಾರೆ. ನನಗೆ ಇವತ್ತಿಗೂ ಹೋಗಿಲ್ಲ. ಕೈ ನಡುಗುತ್ತಿರುವಾಗಲೂ ಒಂದು ಮಾತನ್ನು ನೆಟ್ಟಗೆ ಹೇಳಿ ಮುಗಿಸುವಷ್ಟು ಆಸರೆ ಸಿಗುತ್ತದೆ, ಅಷ್ಟೇ. ಅದಕ್ಕೂ ಸ್ವಲ್ಪ ತಯಾರಿ ಬೇಕು.

1. ಮೊದಲು ಒಂದು ಗಂಟು ಬಿಚ್ಚಿಕೊಳ್ಳಿ

ಸಹಿಸಿಕೊಂಡು ಹೋಗುವುದೇ ಭಕ್ತಿ ಅಂತ ನಾವು ಎಷ್ಟೋ ಜನ ಅಂದುಕೊಂಡಿದ್ದೇವೆ. ಎದುರು ಮಾತಾಡಿದರೆ ಅಹಂಕಾರ, ತಲೆ ತಗ್ಗಿಸಿದರೆ ವಿನಯ. ಈ ಗಂಟು ಬಿಚ್ಚದೆ ಮುಂದಿನ ಹೆಜ್ಜೆ ಹಾಕಿ ಪ್ರಯೋಜನವಿಲ್ಲ. ಬಾಯಿ ತೆರೆದ ಮರುಕ್ಷಣವೇ 'ಅಯ್ಯೋ, ಪಾಪ ಮಾಡಿದೆನಾ?' ಅನ್ನಿಸಿ ಆಡಿದ ಮಾತನ್ನು ನೀವೇ ನುಂಗಿಕೊಳ್ಳುತ್ತೀರಿ.

ಭಗವದ್ಗೀತೆಯ 16ನೇ ಅಧ್ಯಾಯ ದೈವೀ ಗುಣಗಳ ಪಟ್ಟಿಯಿಂದ ಶುರುವಾಗುತ್ತದೆ. ಒಟ್ಟು 26 ಗುಣಗಳು. ಕ್ಷಮೆ ಅದರಲ್ಲಿದೆ, ಸಿಟ್ಟು ಮಾಡದಿರುವುದೂ ಇದೆ, ಸತ್ಯವೂ ಇದೆ. ಆದರೆ ಪಟ್ಟಿಯ ಮೊಟ್ಟಮೊದಲ ಪದ ಅಭಯ. ಕ್ಷಮೆಯ ಸರದಿ ಬರುವುದು ಮೂರನೇ ಶ್ಲೋಕದಲ್ಲಿ. ಪಂಡಿತರು ಇದಕ್ಕೆ ಏನು ಹೇಳುತ್ತಾರೋ, ನಾನು ಮಾತ್ರ ಹೀಗೆ ಓದಿಕೊಂಡಿದ್ದೇನೆ: ಹೆದರಿ ಬಿಟ್ಟುಕೊಟ್ಟದ್ದಕ್ಕೆ ಕ್ಷಮೆ ಅನ್ನುವ ಹೆಸರು ಸಲ್ಲುವುದಿಲ್ಲ. ಕೇಳುವ ಶಕ್ತಿ ಇದ್ದೂ 'ಹೋಗಲಿ ಬಿಡು' ಅಂದಾಗಲೇ ಅದು ಕ್ಷಮೆ.

ಇನ್ನೊಂದು ಕಡೆ ನೋಡಿ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ತೋರಿಸು ಅಂದ ಯೇಸುವಿನ ಮಾತು ಎಲ್ಲರಿಗೂ ಗೊತ್ತು. ಅದೇ ಯೇಸುವಿನ ವಿಚಾರಣೆ ನಡೆಯುವಾಗ ಕಾವಲಿನವನೊಬ್ಬ ಅವರಿಗೆ ಹೊಡೆಯುತ್ತಾನೆ. ಆಗ ಏನಾಯಿತು ಅನ್ನುವುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅವರು ತಿರುಗಿ ಹೊಡೆಯಲಿಲ್ಲ. ಸುಮ್ಮನೆಯೂ ಇರಲಿಲ್ಲ. ನಾನು ಆಡಿದ್ದು ತಪ್ಪಾಗಿದ್ದರೆ ಏನು ತಪ್ಪು ಅಂತ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಕೈ ಎತ್ತದೆ, ಬೈಯದೆ, ಒಂದು ಪ್ರಶ್ನೆ. ನಾವು ಕಲಿಯಬೇಕಾದದ್ದು ಈ ಅಳತೆಯ ಮಾತನ್ನು.

ನಿಮ್ಮ ಮೌನ ತಾಳ್ಮೆಯದೋ ಹೆದರಿಕೆಯದೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಸುಮ್ಮನಿದ್ದು ಬಂದ ಮೇಲೆ ಮನಸ್ಸು ಹಗುರವಾಗಿದೆಯಾ? ಊಟ ರುಚಿಸುತ್ತಿದೆಯಾ? ಹಾಗಿದ್ದರೆ ಅದು ತಾಳ್ಮೆ, ಹಾಗೇ ಬಿಡಿ. ಸ್ನಾನ ಮಾಡುವಾಗ ಗೋಡೆಯ ಜೊತೆ ವಾದ ಮಾಡುತ್ತಿದ್ದೀರಾ? ಅವರ ಮೇಲಿನ ಸಿಟ್ಟನ್ನು ಮನೆಗೆ ಬಂದು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದೀರಾ? ಹಾಗಾದರೆ ಅದು ಹೆದರಿಕೆ, ತಾಳ್ಮೆಯ ವೇಷ ಹಾಕಿಕೊಂಡಿದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಆ ಹೆಚ್ಚಿನ ಗುದ್ದು ಕೊನೆಗೆ ಯಾವುದೋ ಪಾಪದ ಜೀವದ ಮೇಲೆ ಹೋಗಿ ಬೀಳುತ್ತದೆ.

2. ದೂರನ್ನು ದೇವರಿಗೆ ಹಸಿಹಸಿಯಾಗಿ ಹೇಳಿ

ದೇವರ ಮುಂದೆಯೂ ನಾವು ಒಳ್ಳೆಯವರಾಗಿ ನಟಿಸುತ್ತೇವೆ. 'ನನಗೇನೂ ಬೇಸರವಿಲ್ಲ ಸ್ವಾಮಿ, ಎಲ್ಲರೂ ಚೆನ್ನಾಗಿರಲಿ.' ಒಳಗೆ ಮಾತ್ರ ಕುದಿಯುತ್ತಿರುತ್ತದೆ. ಎಲ್ಲ ಬಲ್ಲವನ ಮುಂದೆ ಈ ನಾಟಕ ಯಾಕೆ?

ದೂರು ಹೇಳುವುದು ನಂಬಿಕೆಯ ಕೊರತೆ ಅಂತ ಅನ್ನಿಸಿದರೆ ಹಳೆಯ ಪ್ರಾರ್ಥನೆಗಳನ್ನು ತೆರೆದು ನೋಡಿ. ಬೈಬಲ್ಲಿನಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಗೋಳು, ದೂರು, 'ಎಲ್ಲಿದ್ದೀಯ ದೇವರೇ, ಇನ್ನೂ ಎಷ್ಟು ದಿನ?' ಅನ್ನುವ ತಕರಾರು ತುಂಬಾ ಇದೆ. ಕನ್ನಡದ ವಚನಗಳಲ್ಲೂ, ದಾಸರ ಪದಗಳಲ್ಲೂ ದೇವರ ಜೊತೆ ಜಗಳಕ್ಕೇನೂ ಬರವಿಲ್ಲ. ಭಕ್ತರು ಅಂತ ಹೆಸರಾದವರೇ ಜಗಳ ಆಡಿದ್ದಾರೆ, ನಮ್ಮದೇನು ಮಹಾ.

ಮಾಡಬೇಕಾದದ್ದು ಇಷ್ಟು. ಹತ್ತು ನಿಮಿಷ ಒಬ್ಬರೇ ಇರುವ ಜಾಗ ಹುಡುಕಿಕೊಳ್ಳಿ. ಮನಸ್ಸಿನಲ್ಲೇ ಹೇಳಬೇಡಿ, ಬಾಯಿ ಬಿಟ್ಟು ಹೇಳಿ. ಇದು ಮುಖ್ಯ. ಎಷ್ಟೋ ವರ್ಷದಿಂದ ಆ ಮಾತು ನಿಮ್ಮ ಗಂಟಲಿನಿಂದ ಹೊರಗೇ ಬಂದಿಲ್ಲ. ಮೊದಲ ಸಲ ಅದು ಹೊರಗೆ ಬರುವಾಗ ಕೇಳುವವರು ಪ್ರೀತಿಯಿಂದ ಕೇಳುವವರಾಗಿದ್ದರೆ ಒಳ್ಳೆಯದಲ್ವಾ? ದಿನ ಬಳಸುವ ಮಾತಿನಲ್ಲೇ ಹೇಳಿ. ಯಾರು, ಏನು ಮಾಡಿದರು, ಯಾವಾಗ, ನಿಮಗೆ ಹೇಗಾಯಿತು. ಅಳು ಬಂದರೆ ಅಳಿ. ಹೆದರಿಕೆಯನ್ನೂ ಬಿಡದೆ ಹೇಳಿ: 'ಅವರು ನನ್ನನ್ನು ದೂರ ಮಾಡಿಬಿಡುತ್ತಾರೆ ಅಂತ ಭಯ', 'ಕೆಲಸ ಹೋದರೆ ಅಂತ ಭಯ'.

ಹೆದರಿಕೆ ಒಪ್ಪಿಕೊಳ್ಳುವುದರಲ್ಲಿ ಸಣ್ಣತನವೇನಿಲ್ಲ. 1956ರ ಜನವರಿ 27ರ ರಾತ್ರಿ. ಅಮೆರಿಕದ ಮಾಂಟ್‌ಗೊಮೆರಿಯಲ್ಲಿ ಕಪ್ಪು ಜನ ಬಣ್ಣಭೇದದ ವಿರುದ್ಧ ಬಸ್ಸುಗಳನ್ನು ಬಹಿಷ್ಕರಿಸಿ ಎರಡು ತಿಂಗಳು ತುಂಬುತ್ತಾ ಬಂದಿತ್ತು. ಮುಂದಾಳು ಮಾರ್ಟಿನ್ ಲೂಥರ್ ಕಿಂಗ್‌ಗೆ ಆಗ 27 ವರ್ಷ. ನಡುರಾತ್ರಿಯ ಹೊತ್ತಿಗೆ ಬೆದರಿಕೆಯ ಫೋನ್ ಬಂತು. ಮನೆಯಲ್ಲಿ ಹೆಂಡತಿ, ಪುಟ್ಟ ಮಗು. ನಿದ್ದೆ ಹತ್ತಲಿಲ್ಲ. ಅಡುಗೆಮನೆಗೆ ಬಂದು ಕಾಫಿ ಮಾಡಿಕೊಂಡು ಕೂತರು. ಹೇಡಿ ಅನ್ನಿಸಿಕೊಳ್ಳದೆ ಇದರಿಂದ ಹೊರಗೆ ಬರುವುದು ಹೇಗೆ ಅಂತ ಯೋಚಿಸಿದರಂತೆ. ಆಮೇಲೆ ಮೇಜಿನ ಮೇಲೆ ಬಾಗಿ, ಜೋರಾಗಿಯೇ, ನನಗೆ ಶಕ್ತಿ ಸಾಲುತ್ತಿಲ್ಲ, ಧೈರ್ಯ ಕುಂದುತ್ತಿದೆ ಅಂತ ದೇವರಿಗೆ ಹೇಳಿಕೊಂಡರು. ಮೂರು ದಿನದ ನಂತರ ಅವರ ಮನೆಗೆ ಬಾಂಬ್ ಬಿತ್ತು. ಅವರು ಹಿಂದೆ ಸರಿಯಲಿಲ್ಲ, ಬಹಿಷ್ಕಾರ 381 ದಿನ ನಡೆಯಿತು. ಆ ಧೈರ್ಯ ಶುರುವಾದದ್ದು 'ನನ್ನ ಕೈಲಿ ಆಗುತ್ತಿಲ್ಲ' ಅನ್ನುವ ಮಾತಿನಿಂದ.

ದೂರು ಹೇಳುವಾಗ ನಿಮ್ಮ ತಪ್ಪೂ ಕಣ್ಣಿಗೆ ಬೀಳಬಹುದು. ಬಿದ್ದರೆ ಅದನ್ನೂ ಸೇರಿಸಿ ಹೇಳಿ. ಆಮೇಲೆ ಎದುರಿನವರು ಅದನ್ನೇ ಹಿಡಿದು ಎಳೆದಾಗ ತಬ್ಬಿಬ್ಬಾಗುವುದು ತಪ್ಪುತ್ತದೆ.

3. ಪ್ರಾರ್ಥನೆಯಿಂದ ಒಂದು ವಾಕ್ಯ ಹೆಕ್ಕಿಕೊಳ್ಳಿ

ದೇವರಿಗೆ ಹೇಳಿದ ಮೇಲೆ ಮನಸ್ಸು ಹಗುರವಾಗುತ್ತದೆ. ಅಪಾಯ ಇರುವುದೇ ಅಲ್ಲಿ. ಹಗುರವಾಯಿತು ಅಂತ ಅಲ್ಲಿಗೇ ಬಿಟ್ಟುಬಿಡುತ್ತೇವೆ. ಎರಡು ವರ್ಷ ನಾನು ಮಾಡಿದ್ದೂ ಅದನ್ನೇ.

ದ್ಯೂತದ ಸಭೆಗೆ ದ್ರೌಪದಿಯನ್ನು ಎಳೆದು ತಂದಾಗ ಅವಳು ಕೃಷ್ಣನನ್ನು ಕೂಗಿದ್ದು ನಮಗೆಲ್ಲ ಗೊತ್ತು. ಆದರೆ ಅದಕ್ಕೂ ಮುಂಚೆ ಅವಳು ಸಭೆಗೆ ಒಂದು ಪ್ರಶ್ನೆ ಹಾಕಿದ್ದಳು: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತಾನೇ ಸೋತುಹೋದವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಿಗೂ ನೇರ ಉತ್ತರ ಕೊಡಲಾಗಲಿಲ್ಲ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಅವಳ ಪರ ಮಾತಾಡಿದ. ದೇವರನ್ನು ಕರೆಯುವುದೂ ಎದುರಿಗಿದ್ದವರನ್ನು ಕೇಳುವುದೂ ಅವಳಿಗೆ ಒಂದಕ್ಕೊಂದು ಅಡ್ಡ ಬರಲಿಲ್ಲ.

ಕುರ್‌ಆನ್‌ನ 58ನೇ ಅಧ್ಯಾಯದ ಹಿಂದೆಯೂ ಇಂಥದ್ದೇ ಒಬ್ಬ ಹೆಂಗಸಿದ್ದಾಳೆ. ಖೌಲಾ ಅಂತ ಅವಳ ಹೆಸರು. ಗಂಡ ಹಳೆಯ ಕಾಲದ ಒಂದು ಮಾತು ಆಡಿ ಅವಳನ್ನು ದೂರ ಮಾಡಿದ. ಆ ಪದ್ಧತಿಯಲ್ಲಿ ಹೆಂಡತಿ ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯೂ ಇಲ್ಲ. ಖೌಲಾ ಪ್ರವಾದಿ ಮುಹಮ್ಮದರ ಬಳಿಗೇ ಹೋಗಿ ವಾದ ಮಾಡಿದಳು, ಅಲ್ಲಾಹನಿಗೂ ದೂರಿಟ್ಟಳು. ಆ ಅಧ್ಯಾಯ ಶುರುವಾಗುವುದೇ ಅವಳ ಮಾತನ್ನು ಅಲ್ಲಾಹ್ ಕೇಳಿಸಿಕೊಂಡಿದ್ದಾನೆ ಅನ್ನುವಲ್ಲಿಂದ. ಅಧ್ಯಾಯಕ್ಕೆ ಹೆಸರೂ ವಾದ ಮಾಡಿದ ಆ ಹೆಂಗಸಿನ ಮೇಲೆಯೇ ಬಂದಿದೆ.

ಹಾಗಾಗಿ ಪ್ರಾರ್ಥನೆ ಮುಗಿದ ಕೂಡಲೇ ಒಂದು ಕಾಗದ ತೆಗೆದುಕೊಳ್ಳಿ. ದೇವರಿಗೆ ಹೇಳಿದ್ದರಲ್ಲಿ ಮನುಷ್ಯರಿಗೆ ಹೇಳಬೇಕಾದದ್ದು ಯಾವುದು? ಒಂದೇ ವಾಕ್ಯ, ತೀರಾ ಅಂದರೆ ಎರಡು. ನಡೆದದ್ದು ಒಂದು, ನನಗೆ ಬೇಕಾದದ್ದು ಒಂದು. ಅವರ ಗುಣದ ಬಗ್ಗೆ ಅದರಲ್ಲಿ ಏನೂ ಇರಬಾರದು.

ಬೈಬಲ್ಲಿನಲ್ಲಿ ಇಸ್ರಾಯೇಲರ ಮುಂದಾಳು ಮೋಶೆಯ ಕಾಲದ ಒಂದು ಕಥೆ ಇದಕ್ಕೆ ಒಳ್ಳೆ ಮಾದರಿ. ಚಲ್ಪಹಾದ ಅನ್ನುವವನಿಗೆ ಐದು ಜನ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಪ್ಪ ಸತ್ತ ಮೇಲೆ ಆಗಿನ ಕ್ರಮದಂತೆ ಅವರಿಗೆ ಜಮೀನಿನಲ್ಲಿ ಪಾಲಿಲ್ಲ. ಐದು ಜನವೂ ಒಟ್ಟಿಗೆ ಬಂದು ಮೋಶೆಯ ಮುಂದೆ, ಮುಖಂಡರ ಮುಂದೆ, ಇಡೀ ಜನರ ಮುಂದೆ ನಿಂತರು. ಅಪ್ಪ ತೀರಿಕೊಂಡ. ಅವನಿಗೆ ಗಂಡುಮಕ್ಕಳಿರಲಿಲ್ಲ. ಅಷ್ಟಕ್ಕೇ ಅವನ ಹೆಸರು ಯಾಕೆ ಅಳಿಯಬೇಕು? ನಮಗೆ ಪಾಲು ಕೊಡಿ. ಇಷ್ಟೇ ಅವರ ಮಾತಿನ ಸಾರ. ಮೋಶೆ ಅದನ್ನು ದೇವರ ಮುಂದಿಟ್ಟ. ಅವರು ಕೇಳುತ್ತಿರುವುದು ನ್ಯಾಯ ಅಂತ ಉತ್ತರ ಬಂತು, ಕಾನೂನೇ ಬದಲಾಯಿತು. ಅವರ ಮಾತಿನಲ್ಲಿ ಬೈಗುಳವಿಲ್ಲ. 'ತಪ್ಪು ತಿಳಿಯಬೇಡಿ' ಅನ್ನುವ ಪೀಠಿಕೆಯೂ ಇಲ್ಲ.

ನಿಮ್ಮ ವಾಕ್ಯ ಹೇಗಿರಬಹುದು ಅನ್ನುವುದಕ್ಕೆ ಕೆಲವು:

'ನಿಮ್ಮ ಪಾಲಿನ ಕೆಲಸ ನನ್ನ ಹತ್ತಿರ ಬರುತ್ತಿದೆ. ಮುಂದಿನ ವಾರದಿಂದ ನನ್ನದನ್ನು ಮಾತ್ರ ಮಾಡುತ್ತೇನೆ.'

'ಎಲ್ಲರ ಮುಂದೆ ನನ್ನ ಮೈಬಣ್ಣದ ಬಗ್ಗೆ ತಮಾಷೆ ಮಾಡುತ್ತೀಯ. ನನಗೆ ನೋವಾಗುತ್ತದೆ. ಇನ್ನು ಮಾಡಬೇಡ.'

'ಅಣ್ಣ, ಹಿಂದೆ ಕೊಟ್ಟ ದುಡ್ಡು ವಾಪಸ್ ಬರುವ ತನಕ ಮತ್ತೆ ಕೊಡಲು ಆಗುವುದಿಲ್ಲ.'

ನಿಮ್ಮದನ್ನು ಬರೆದು ಜೋರಾಗಿ ಓದಿ. ಉಸಿರು ಕಟ್ಟಿದರೆ ವಾಕ್ಯ ಉದ್ದವಾಗಿದೆ ಅಂತ ಅರ್ಥ, ಕತ್ತರಿಸಿ. 'ಯಾವಾಗಲೂ', 'ಒಂದು ದಿನವಾದರೂ' ಇದ್ದರೆ ತೆಗೆಯಿರಿ. ಅವು ಇದ್ದರೆ ಎದುರಿನವರು 'ಮೊನ್ನೆ ಮಾಡಲಿಲ್ಲವಾ?' ಅಂತ ಶುರುಮಾಡುತ್ತಾರೆ, ಮಾತು ಎಲ್ಲೆಲ್ಲೋ ಹೋಗುತ್ತದೆ. ಆಮೇಲೆ ಒಂದು ವಾರ ದಿನಾ ಪ್ರಾರ್ಥನೆಯಲ್ಲಿ ಆ ವಾಕ್ಯವನ್ನೇ ಹೇಳಿ. ದೇವರ ಮುಂದೆ ಹೇಳಲು ನಾಚಿಕೆಯಾಗುವ ಪದ ಯಾವುದಾದರೂ ಇದ್ದರೆ ಅದು ತಾನಾಗೇ ಉದುರುತ್ತದೆ. ನನ್ನ ಮೊದಲ ಕರಡಿನಲ್ಲಿ 'ನಾಚಿಕೆಯಾಗಬೇಕು ನಿಮಗೆ' ಅಂತ ಇತ್ತು. ಮೂರನೇ ದಿನಕ್ಕೆ ಹೋಯಿತು.

4. ಮೈಗೂ ಕಲಿಸಿ

ಮನಸ್ಸು ಒಪ್ಪಿದರೂ ಮೈ ಒಪ್ಪುವುದಿಲ್ಲ. ಗಂಟಲು ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಧ್ವನಿ ಸಣ್ಣದಾಗುತ್ತದೆ. ಇಲ್ಲಿ ಜಪ ಕೈ ಹಿಡಿಯುತ್ತದೆ.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಣ್ಣ ಅಧ್ಯಯನ ಬಂದಿತ್ತು. 23 ಆರೋಗ್ಯವಂತರಿಗೆ ಲ್ಯಾಟಿನ್‌ನಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಹೇಳಿಸಿದರು, ಬೌದ್ಧರ 'ಓಂ ಮಣಿ ಪದ್ಮೇ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು. ಸುಮ್ಮನೆ ಕೂತ ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರು ನಿಧಾನವಾದರೆ ಎದೆಬಡಿತವೂ ಹದಕ್ಕೆ ಬರುತ್ತದೆ. ಎರಡು ಬೇರೆ ಧರ್ಮ, ಒಂದೇ ಉಸಿರು. ಇದು ನನಗೆ ಬಹಳ ಇಷ್ಟವಾದ ವಿಷಯ.

ನಿಮ್ಮ ನಂಬಿಕೆಯಿಂದ ಒಂದು ಚಿಕ್ಕ ನಾಮವನ್ನೋ ಸಾಲನ್ನೋ ಆರಿಸಿಕೊಳ್ಳಿ. ಒಂದು ಉಸಿರು ಬಿಡುವಷ್ಟರಲ್ಲಿ ಮುಗಿಯುವಂತಿರಲಿ. ದಿನಕ್ಕೆ ಎರಡು ಹೊತ್ತು, ಐದೈದು ನಿಮಿಷ, ಉಸಿರು ಬಿಡುತ್ತಾ ಹೇಳಿಕೊಳ್ಳಿ. ಭಯ ಇಲ್ಲದಿರುವಾಗಲೇ ಅಭ್ಯಾಸ ಮಾಡಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುತ್ತದಾ?

ಗಾಂಧೀಜಿ ಚಿಕ್ಕವರಿದ್ದಾಗ ದೆವ್ವ ಭೂತ ಅಂದರೆ ನಡುಗುತ್ತಿದ್ದರು. ಮನೆಯಲ್ಲಿ ಕೆಲಸಕ್ಕಿದ್ದ ರಂಭಾ ಅನ್ನುವ ಹೆಂಗಸು, ಭಯವಾದಾಗ ರಾಮನಾಮ ಹೇಳು ಅಂತ ಹೇಳಿಕೊಟ್ಟಳು. ದೊಡ್ಡವರಾದ ಮೇಲೂ ಸಂಕೋಚ ಹೋಗಿರಲಿಲ್ಲ. ವಕೀಲರಾಗಿ ಮೊದಲ ಸಲ ಮುಂಬೈಯ ಕೋರ್ಟಿನಲ್ಲಿ ಎದ್ದು ನಿಂತಾಗ ತಲೆ ತಿರುಗಿ, ಪ್ರಶ್ನೆಯೇ ಹೊಳೆಯದೆ ಕೂತುಬಿಟ್ಟರು. ಅದೇ ಮನುಷ್ಯ ಆಮೇಲೆ ಯಾರ ಮುಂದೆ ನಿಂತರು ಅಂತ ಹೇಳಬೇಕಾಗಿಲ್ಲ. ರಂಭಾ ಕೊಟ್ಟ ನಾಮವನ್ನು ಅವರು ಕೊನೆಯ ತನಕ ಬಿಡಲಿಲ್ಲ. ನಡುವೆ ಎಷ್ಟು ವರ್ಷ ಹಿಡಿಯಿತು ಅನ್ನುವುದನ್ನು ಮರೆಯಬೇಡಿ. ಒಂದು ವಾರದ ಜಪಕ್ಕೆ ಸಿಂಹವಾಗಿಬಿಡುತ್ತೇನೆ ಅಂತ ಹೊರಡಬೇಡಿ.

5. ಚಿಕ್ಕದರಿಂದ ಶುರುಮಾಡಿ, ಬೇರೆಯವರ ಕವಚ ತೊಡಬೇಡಿ

ಬೈಬಲ್ಲಿನ ಕಥೆಯಲ್ಲಿ ಕುರಿ ಕಾಯುವ ಹುಡುಗ ದಾವೀದ, ದೈತ್ಯ ಯೋಧ ಗೊಲ್ಯಾತನ ಎದುರು ಹೋಗುತ್ತೇನೆ ಅಂದಾಗ ರಾಜ ಸೌಲ ನಂಬಲಿಲ್ಲ. ಕುರಿ ಕಾಯುವಾಗ ಸಿಂಹ, ಕರಡಿಗಳ ಬಾಯಿಂದ ಕುರಿ ಬಿಡಿಸಿದ್ದೇನೆ, ಅವುಗಳಿಂದ ಕಾಪಾಡಿದ ದೇವರು ಇವನಿಂದಲೂ ಕಾಪಾಡುತ್ತಾನೆ ಅಂದ ದಾವೀದ. ಅವನ ನಂಬಿಕೆಗೆ ಹಿಂದಿನ ಲೆಕ್ಕ ಇತ್ತು. ನಿಮಗೂ ಅಂಥದ್ದೊಂದು ಲೆಕ್ಕ ಬೇಕು. ಜೀವನದ ದೊಡ್ಡ ಜಗಳವನ್ನೇ ಮೊದಲು ಎತ್ತಿಕೊಳ್ಳಬೇಡಿ. ಸಾಲಿನಲ್ಲಿ ನುಗ್ಗಿದವರಿಗೆ 'ನಾನು ಮೊದಲಿದ್ದೆ' ಅನ್ನಿ. ಇಷ್ಟವಿಲ್ಲದ ಕರೆಗೆ ಕಾರಣ ಕಟ್ಟದೆ 'ಈ ಸಲ ಆಗುವುದಿಲ್ಲ' ಅನ್ನಿ. ರಾತ್ರಿ ಅದನ್ನು ದೇವರಿಗೆ ವರದಿ ಒಪ್ಪಿಸಿ. ತಮಾಷೆ ಅನ್ನಿಸಬಹುದು, ಆದರೆ ನಾಲ್ಕು ವರದಿ ಆಗುವಷ್ಟರಲ್ಲಿ 'ನನ್ನ ಕೈಲೂ ಆಗುತ್ತದೆ' ಅನ್ನುವುದಕ್ಕೆ ಸಾಕ್ಷಿ ಇರುತ್ತದೆ.

ಅದೇ ಕಥೆಯಲ್ಲಿ ಸೌಲ ತನ್ನ ಕವಚ ತೊಡಿಸುತ್ತಾನೆ. ದಾವೀದ ಹಾಕಿಕೊಂಡು ನೋಡಿ, ಇದು ನನಗೆ ಅಭ್ಯಾಸವಿಲ್ಲ ಅಂತ ಬಿಚ್ಚಿಟ್ಟು, ತನ್ನ ಕವಣೆ, ಐದು ನುಣುಪು ಕಲ್ಲು ತೆಗೆದುಕೊಂಡು ಹೋಗುತ್ತಾನೆ. ಮೆತ್ತಗಿನ ಧ್ವನಿಯವರು ಗುಡುಗಲು ಹೋಗಬೇಡಿ. ನಿಮ್ಮ ಗೆಳತಿ ಹೇಳಿಕೊಟ್ಟ ಖಾರದ ಡೈಲಾಗ್ ನಿಮ್ಮ ಬಾಯಲ್ಲಿ ಸುಳ್ಳಾಗಿ ಕೇಳುತ್ತದೆ. ಮೆಲ್ಲಗೆ ಹೇಳಿ, ಪೂರ್ತಿ ಹೇಳಿ.

6. ಜೊತೆಗೊಬ್ಬರು, ಜೊತೆಗೊಂದು ಹೊತ್ತು

ಬೈಬಲ್ಲಿನ ಎಸ್ತೇರ್ ಪರ್ಷಿಯಾದ ರಾಣಿ. ಅವಳ ಜನರಾದ ಯೆಹೂದಿಗಳನ್ನೆಲ್ಲ ಕೊಲ್ಲಲು ಆಜ್ಞೆ ಹೊರಟಿತ್ತು. ಕರೆಯದೆ ರಾಜನ ಮುಂದೆ ಹೋದರೆ ಪ್ರಾಣಕ್ಕೇ ಸಂಚಕಾರ. ಅವಳು ಒಬ್ಬಳೇ ಧೈರ್ಯ ತಂದುಕೊಳ್ಳಲು ಹೋಗಲಿಲ್ಲ. ತನ್ನವರೆಲ್ಲ ತನಗಾಗಿ ಮೂರು ದಿನ ಉಪವಾಸ ಇರಬೇಕು ಅಂದಳು. ರಾಜನ ಮುಂದೆ ನಿಂತ ಮೇಲೂ ಕೂಡಲೇ ಬಾಯಿ ಬಿಡಲಿಲ್ಲ. ಔತಣಕ್ಕೆ ಕರೆದಳು. ಅಲ್ಲೂ ಹೇಳದೆ ಮರುದಿನ ಇನ್ನೊಂದು ಔತಣಕ್ಕೆ ಕರೆದಳು. ಆಮೇಲೆ ಕೇಳಿದಳು. ಹೊತ್ತು ನೋಡುವುದು ಹೇಡಿತನವೇನಲ್ಲ. ಮುಂದೂಡುತ್ತಲೇ ಹೋಗುವುದು ಬೇರೆ, ಅದಕ್ಕೆ ತಾರೀಕು ಇರುವುದಿಲ್ಲ. ನೀವು ತಾರೀಕು ಹಾಕಿಕೊಳ್ಳಿ.

ಒಬ್ಬರಿಗಾದರೂ ಮುಂಚೆ ಹೇಳಿಡಿ. 'ಗುರುವಾರ ಮಧ್ಯಾಹ್ನ ಮಾತಾಡುತ್ತೇನೆ, ಆ ಹೊತ್ತಿಗೆ ನನಗಾಗಿ ಪ್ರಾರ್ಥನೆ ಮಾಡು. ಮುಗಿದ ಮೇಲೆ ಫೋನ್ ಮಾಡುತ್ತೇನೆ.' ಫೋನ್ ಮಾಡಬೇಕಲ್ಲ ಅನ್ನುವ ಒಂದೇ ಕಾರಣಕ್ಕೆ ಕೆಲವು ಸಲ ಮಾತು ಹೊರಗೆ ಬರುತ್ತದೆ.

7. ಆ ದಿನ

ಸಾಧ್ಯವಾದರೆ ಇಬ್ಬರೇ ಇರುವಾಗ, ಇಬ್ಬರೂ ಹಸಿದಿರದ ಹೊತ್ತಿನಲ್ಲಿ. ಬಾಗಿಲಿನ ಹೊರಗೆ ನಿಂತು ಮೂರು ಸಲ ನಿಮ್ಮ ಜಪದ ಉಸಿರು. ಎರಡೂ ಪಾದ ನೆಲಕ್ಕೆ ಊರಿ. ಆಮೇಲೆ ಒಂದು ಲೆಕ್ಕ ನೆನೆಯಿರಿ: ಹೇಳುವುದು ನನ್ನ ಪಾಲು, ಅವರು ಒಪ್ಪುವುದು ಬಿಡುವುದು ನನ್ನ ಪಾಲಲ್ಲ. ಫಲವನ್ನು ದೇವರಿಗೆ ಬಿಡು ಅನ್ನುವ ಮಾತನ್ನು ನಾವು ಸೋತ ಮೇಲೆ ಸಮಾಧಾನಕ್ಕೆ ಬಳಸುತ್ತೇವೆ. ಅದನ್ನು ಮಾತಿಗೆ ಮುಂಚೆ ಬಳಸಿ ನೋಡಿ. ಅವರನ್ನು ಬದಲಾಯಿಸುವ ಭಾರ ಹೆಗಲಿಂದ ಇಳಿದರೆ ಉಳಿಯುವುದು ಒಂದು ವಾಕ್ಯದ ಕೆಲಸ ಮಾತ್ರ.

ವಾಕ್ಯ ಹೇಳಿ. ಹೇಳಿ ನಿಲ್ಲಿಸಿ. ಕಷ್ಟವಾದದ್ದು ನಿಲ್ಲಿಸುವುದೇ. ಎದುರಿನವರು ಸುಮ್ಮನಾದಾಗ ಆ ಖಾಲಿ ಜಾಗ ತುಂಬಲು 'ಹೋಗಲಿ ಬಿಡಿ, ನಿಮಗೆ ಕಷ್ಟವಾದರೆ ಪರವಾಗಿಲ್ಲ' ಅಂತ ನಾವೇ ಸೋತುಬಿಡುತ್ತೇವೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ನಾಮ ಹೇಳಿಕೊಳ್ಳಿ. ಬಾಯಿ ಮುಚ್ಚಿರಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಅವರು ಕೂಗಾಡಿದರೆ ಅದೇ ವಾಕ್ಯವನ್ನು ಅದೇ ಧ್ವನಿಯಲ್ಲಿ ಇನ್ನೊಮ್ಮೆ. ಮೂರನೇ ಸಲ ಬೇಕಾದರೆ 'ಇನ್ನೊಂದು ದಿನ ಮಾತಾಡೋಣ' ಅಂತ ಎದ್ದು ಬನ್ನಿ.

8. ಅವರು ದೇವರನ್ನೇ ಅಡ್ಡ ಇಟ್ಟರೆ

'ಇಷ್ಟು ಪೂಜೆ ಮಾಡುತ್ತೀಯ, ಹೀಗಾ ಮಾತಾಡೋದು?' ಈ ಬಾಣ ಬಂದೇ ಬರುತ್ತದೆ, ಅದೂ ಮನೆಯವರಿಂದ. ವಾದಕ್ಕೆ ಇಳಿಯಬೇಡಿ, ಶ್ಲೋಕಕ್ಕೆ ಶ್ಲೋಕ ಎಸೆಯಬೇಡಿ. 'ದೇವರಿಗೂ ಇದನ್ನೇ ಹೇಳಿದ್ದೇನೆ, ನಿಮಗೂ ಹೇಳುತ್ತಿದ್ದೇನೆ' ಅಂದರೆ ಸಾಕು. ಮೂರನೇ ಹೆಜ್ಜೆ ನಿಜವಾಗಿಯೂ ಮಾಡಿದ್ದರೆ ಈ ಮಾತು ಸತ್ಯ. ಸತ್ಯವಾದ್ದರಿಂದಲೇ ಅದು ನೆಟ್ಟಗೆ ಹೊರಡುತ್ತದೆ.

ನೋವು ಕೊಡುತ್ತಿರುವವರು ಧರ್ಮದ ಸ್ಥಾನದಲ್ಲೇ ಇರುವವರಾದರೆ ಇನ್ನೂ ಕಷ್ಟ. ಅವರ ಮಾತನ್ನು ಮೀರಿದರೆ ದೇವರನ್ನೇ ಮೀರಿದಂತೆ ಅನ್ನಿಸುತ್ತದೆ. ಅವರೂ ಅದನ್ನೇ ಬಯಸುತ್ತಾರೆ. ದೇವರು ಬೇರೆ, ದೇವರ ಹೆಸರಿನಲ್ಲಿ ಕೂತವರು ಬೇರೆ. ಅಂಥ ಕಡೆ ಒಬ್ಬರೇ ಹೋಗಬೇಡಿ. ಸಾಕ್ಷಿ ಇಟ್ಟುಕೊಳ್ಳಿ, ಬರೆದಿಡಿ. ಅಪರಾಧವಾಗಿದ್ದರೆ ಅದು ಪೊಲೀಸರ ವಿಷಯ, ಪಂಚಾಯ್ತಿಯಲ್ಲಿ ಮುಗಿಸುವ ವಿಷಯವಲ್ಲ.

9. ಮಾತಿನ ಬದಲು ಕಾಲು ಎತ್ತಬೇಕಾದಲ್ಲಿ

ಹೊಡೆಯುವವರ, ಜೀವಕ್ಕೆ ಅಪಾಯ ಮಾಡಬಲ್ಲವರ ಎದುರು ನಿಂತು ವಾಕ್ಯ ಹೇಳುವ ಪ್ರಯೋಗ ಬೇಡವೇ ಬೇಡ. ಮೊದಲು ಸುರಕ್ಷಿತ ಜಾಗ ಸೇರಿಕೊಳ್ಳಿ. ನಂಬಿಕಸ್ತರಿಗೆ, ಸಹಾಯವಾಣಿಗೆ, ಪೊಲೀಸರಿಗೆ ತಿಳಿಸಿ. ಮುಖ್ಯ ಕಾಗದಪತ್ರ ಒಂದೇ ಕಡೆ ಇಟ್ಟುಕೊಳ್ಳಿ.

ಓಡಿಹೋಗುವುದು ನಂಬಿಕೆಗೆ ಅವಮಾನ ಅಂತ ಯಾರಾದರೂ ಅಂದರೆ ನೆನಪಿಡಿ: ದಾವೀದನೇ ಸೌಲನ ಈಟಿಯಿಂದ ತಪ್ಪಿಸಿಕೊಂಡು ಓಡಿದ. ಯೇಸುವಿನ ಮಾತು ಸಾರುತ್ತಿದ್ದ ಪೌಲನನ್ನು ದಮಸ್ಕ ಊರಿನ ಗೋಡೆಯಿಂದ ಬುಟ್ಟಿಯಲ್ಲಿ ಕೂರಿಸಿ ಇಳಿಸಿದರು. ಪ್ರವಾದಿ ಮುಹಮ್ಮದರು 622ರಲ್ಲಿ ಮಕ್ಕಾ ಬಿಟ್ಟು ಹೋಗುವಾಗ ಸೌರ್ ಗುಹೆಯಲ್ಲಿ ಅಡಗಿದ್ದರು. ಮುಸ್ಲಿಮರ ವರ್ಷದ ಲೆಕ್ಕ ಶುರುವಾಗುವುದೇ ಆ ಹೊರಟ ವರ್ಷದಿಂದ.

10. ಹೇಳಿದ ಮೇಲೆ

ಗೆದ್ದ ಖುಷಿ ಬರುತ್ತದೆ ಅಂದುಕೊಂಡಿರುತ್ತೀರಿ. ಸಾಮಾನ್ಯವಾಗಿ ಬರುವುದು ನಡುಕ. ಆಮೇಲೆ ಸುಸ್ತು, ಅದರ ಹಿಂದೆಯೇ 'ಜಾಸ್ತಿ ಹೇಳಿದೆನಾ?' ಅನ್ನುವ ಅನುಮಾನ. ಬೈಬಲ್ಲಿನ ಎಲೀಯ ಪ್ರವಾದಿ ಕರ್ಮೆಲ್ ಬೆಟ್ಟದ ಮೇಲೆ ನೂರಾರು ಜನರ ಎದುರು ಒಬ್ಬನೇ ನಿಂತವನು. ಅದಾದ ಸ್ವಲ್ಪ ದಿನದಲ್ಲೇ ಹೆದರಿ ಕಾಡಿಗೆ ಓಡಿ, ಗಿಡದ ಕೆಳಗೆ ಬಿದ್ದುಕೊಂಡು ಸಾವು ಬಂದರೆ ಸಾಕು ಅಂದ. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ರೊಟ್ಟಿ ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ನೀವೂ ಅವತ್ತು ಉಣ್ಣಿ, ಮಲಗಿ. ಹೇಳಿದ್ದು ಸರಿಯೋ ತಪ್ಪೋ ಅನ್ನುವ ತೀರ್ಪನ್ನು ಎರಡು ದಿನ ಬಿಟ್ಟು ಮಾಡಿ. 'ಸಾರಿ, ಹಾಗೆ ಹೇಳಬಾರದಿತ್ತು' ಅನ್ನುವ ಮೆಸೇಜನ್ನು ಆ ರಾತ್ರಿ ಮಾತ್ರ ಕಳಿಸಬೇಡಿ.

ನನ್ನ ವಾಕ್ಯ ಕೇಳಿ ಆ ಹಿರಿಯರು 'ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?' ಅಂದರು. ಎರಡು ವರ್ಷದ ಸಂಜೆಗಳನ್ನು ನೆನೆದು ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಅಲ್ಲಿಗೇ ಮುಗಿಯಲೂ ಇಲ್ಲ. ಹತ್ತು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹನ್ನೊಂದನೇ ದಿನ ಮತ್ತೆ ಫೈಲ್ ತಂದಿಟ್ಟರು. ಮತ್ತೆ ಅದೇ ವಾಕ್ಯ ಹೇಳಿದೆ, ಈ ಸಲ ಧ್ವನಿ ಕಡಿಮೆ ನಡುಗಿತು. ಮೂರನೇ ಸಲ ಅವರು ಫೈಲ್ ಹಿಡಿದು ನನ್ನ ಮೇಜಿನ ತನಕ ಬಂದರು, ನನ್ನ ಮುಖ ನೋಡಿದರು, 'ಇರಲಿ' ಅಂತ ತಾವೇ ವಾಪಸ್ ತಗೊಂಡು ಹೋದರು. ಅವತ್ತು ಬೆಳಕಿರುವಾಗಲೇ ಮನೆ ಸೇರಿದೆ. ರಾತ್ರಿ ಪ್ರಾರ್ಥನೆಗೆ ಕೂತವಳಿಗೆ ಅರ್ಧದಲ್ಲೇ ನಿದ್ದೆ ಬಂದುಬಿಟ್ಟಿತ್ತು.